ಸುಳ್ಳು ಹೇಳದೆ ದಾರಿ ತಪ್ಪಿಸುವುದು

ಮಾತಿಗೆ ಮೊದಲು ಒಂದು ಒಗಟು ಹೇಳುತ್ತೇನೆ.

ಮೈಯೆಲ್ಲ ಕಣ್ಣು, ನೋಟವಿಲ್ಲ;
ಕೈಯಲ್ಲೇ ಕುಣಿತ, ಗೆಜ್ಜೆಯಿಲ್ಲ;
ಸಣ್ಣವರಿಗೆ ದಾರಿ ಬಿಡುವೆ,
ದೊಡ್ಡವರನ್ನು ತಡೆದು ಹಿಡಿವೆ.

ಹೊಳೆದವರು ಪಕ್ಕದವರಿಗೆ ಹೇಳಿಬಿಡಬೇಡಿ, ಅವರಿಗೂ ಒಂದು ಗಳಿಗೆ ಪುರುಸೊತ್ತು ಕೊಡಿ. ಹೊಳೆಯದವರು ಅಡುಗೆಮನೆಯತ್ತ ಕಣ್ಣಾಡಿಸಿ. ಹಿಟ್ಟಿನ ಡಬ್ಬದ ಹತ್ತಿರವೋ ಗೋಡೆಯ ಮೊಳೆಯಲ್ಲೋ ಜರಡಿ ಇದ್ದೇ ಇರುತ್ತದೆ. ಈಗ ನಾಲ್ಕು ಸಾಲುಗಳನ್ನೂ ಅದಕ್ಕೆ ಹೊಂದಿಸಿ ನೋಡಿ. ಮೈತುಂಬ ಕಣ್ಣಿರುವುದು ನಿಜ. ಜರಡಿ ಹಿಡಿದ ಕೈ ಅದನ್ನು ಕುಣಿಸುವುದೂ ನಿಜ. ನುಣುಪು ಹಿಟ್ಟು ಕೆಳಗಿಳಿಯುತ್ತದೆ, ತರಿ ಮೇಲೆ ಉಳಿಯುತ್ತದೆ. ಒಂದು ಸಾಲೂ ಸುಳ್ಳಲ್ಲ. ಆದರೂ ಕೇಳಿದ ಕೂಡಲೇ ನಿಮ್ಮ ಮನಸ್ಸಿಗೆ ಬಂದದ್ದು ಕಣ್ಣು ಕಾಣದ ಯಾರೋ ಕುಣಿಯುವವರು, ಇಲ್ಲವೇ ದೊಡ್ಡವರನ್ನು ತಡೆಯುವ ಯಾವನೋ ಕಾವಲುಗಾರ. ಸುಳ್ಳು ಹೇಳದೆ ದಾರಿ ತಪ್ಪಿಸುವುದು: ಒಗಟು ಕಟ್ಟುವವನ ಕಸುಬು ಇಷ್ಟೇ. ಬಿಡಿಸುವವನ ಕಸುಬು ತಪ್ಪಿದ ದಾರಿಯಿಂದ ನಗುತ್ತಾ ಹಿಂದಕ್ಕೆ ಬರುವುದು. ಇಂದು ಈ ಎರಡರ ಬಗ್ಗೆಯೂ ಮಾತಾಡೋಣ. ಅದರಲ್ಲೂ ಪ್ರಾಸ ಹಾಕಿ ಹೊಸದಾಗಿ ಒಗಟು ಕಟ್ಟುವ ಖುಷಿಯ ಬಗ್ಗೆ.

ಈ ಆಟ ನಿನ್ನೆ ಮೊನ್ನೆಯದಲ್ಲ. ಋಗ್ವೇದದ ಒಂದನೆಯ ಮಂಡಲದ 164ನೆಯ ಸೂಕ್ತ ದೀರ್ಘತಮಸ್ ಎಂಬ ಋಷಿಯದು. ಅದರಲ್ಲಿ ಹನ್ನೆರಡು ಅರಗಳ ಒಂದು ಚಕ್ರ ಬರುತ್ತದೆ. ಸವೆಯದೆ ತಿರುಗುವ ಆ ಚಕ್ರದ ಮೇಲೆ ಜೋಡಿ ಜೋಡಿಯಾಗಿ 720 ಮಕ್ಕಳು ನಿಂತಿದ್ದಾರೆ. ಹನ್ನೆರಡು ತಿಂಗಳು, 360 ಹಗಲು, 360 ಇರುಳು ಎಂದು ಲೆಕ್ಕ ಹಾಕಿದರೆ ಚಕ್ರ ಯಾವುದೆಂದು ಗೊತ್ತಾಗುತ್ತದೆ. ಸಂಸ್ಕೃತದಲ್ಲಿ ಒಗಟನ್ನು ಪ್ರಹೇಳಿಕೆ ಎಂದರು. ವಾತ್ಸ್ಯಾಯನನ ಕಾಮಸೂತ್ರ ಪಟ್ಟಿ ಮಾಡುವ 64 ಕಲೆಗಳಲ್ಲಿ ಅದೂ ಒಂದು. ದಂಡಿ ತನ್ನ ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಳಿಕೆಗೆ ಮೂರು ಉಪಯೋಗ ಹೇಳುತ್ತಾನೆ: ಗೆಳೆಯರ ಕೂಟದಲ್ಲಿ ವಿನೋದ, ಜನ ಸೇರಿದ ಕಡೆ ಗುಟ್ಟಿನ ಮಾತು, ಎದುರಿನವರನ್ನು ತಬ್ಬಿಬ್ಬು ಮಾಡುವುದು. ಹಿಂದಿನ ಆಚಾರ್ಯರು ಹದಿನಾರು ಬಗೆಯ ಒಳ್ಳೆಯ ಪ್ರಹೇಳಿಕೆಗಳನ್ನೂ ಹದಿನಾಲ್ಕು ಬಗೆಯ ಕೆಟ್ಟವನ್ನೂ ಎಣಿಸಿದ್ದರಂತೆ. ದಂಡಿ ಮಾತ್ರ ದೋಷಗಳಿಗೆ ಲೆಕ್ಕವೇ ಇಲ್ಲವೆಂದು ಕೆಟ್ಟವನ್ನು ಕೈಬಿಟ್ಟು ಒಳ್ಳೆಯವನ್ನಷ್ಟೇ ವಿವರಿಸಿದ. ಒಗಟು ಕಟ್ಟಲು ಕೂತವರಿಗೆ ಆ ಮಾತಿನ ಸತ್ಯ ಬೇಗ ತಿಳಿಯುತ್ತದೆ.

ಕನ್ನಡದಲ್ಲಿ ಈ ದಾರಿ ಎರಡು ಕವಲಾಗಿದೆ. ಒಂದು ಹನ್ನೆರಡನೆಯ ಶತಮಾನದ ಅಲ್ಲಮನ ಬೆಡಗಿನ ವಚನಗಳದು, ಕನಕದಾಸರ ಮುಂಡಿಗೆಗಳದು. ಅಲ್ಲಿ ಉತ್ತರ ಸಿಕ್ಕಿತೆಂದರೆ ಆಟ ಮುಗಿಯುವುದಿಲ್ಲ, ಸಾಧನೆ ಶುರುವಾಗುತ್ತದೆ. ಆ ದಾರಿಗೆ ಇಂದು ಕಾಲಿಡುವುದಿಲ್ಲ. ಇನ್ನೊಂದು ಜಗಲಿಯ ದಾರಿ. ಒಗಟು, ಒಡಪು, ಒಡಗತೆ ಎಂದು ಸೀಮೆಗೊಂದು ಹೆಸರು ಹೊತ್ತು ಅಜ್ಜಿಯರ ಬಾಯಿಂದ ಮಕ್ಕಳ ಬಾಯಿಗೆ ಬಂದದ್ದು. ನಮ್ಮ ಆಟ ಇಲ್ಲಿಯದು.

ಈಗ ಪ್ರಾಸದ ವಿಷಯ. ಹತ್ತನೆಯ ಶತಮಾನದ ಕೊನೆಯಲ್ಲಿದ್ದ ನಾಗವರ್ಮ ತನ್ನ ಛಂದೋಂಬುಧಿಯಲ್ಲಿ ಆರು ಬಗೆಯ ಪ್ರಾಸಗಳಿಗೆ ಪ್ರಾಣಿಗಳ ಹೆಸರಿಟ್ಟಿದ್ದಾನೆ: ಸಿಂಹ, ಗಜ, ವೃಷಭ, ಶರಭ, ಅಜ, ಹಯ. ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು. ಅದರ ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ, ನಡುವೆ ಸೊನ್ನೆ ಬಂದರೆ ವೃಷಭಪ್ರಾಸ, ಹೀಗೆ. ಜರಡಿಯ ಒಗಟಿನಲ್ಲಿ ‘ಮೈಯೆಲ್ಲ’, ‘ಕೈಯಲ್ಲೇ’ ಎಂದು ಎರಡು ಸಾಲು ಶುರುವಾದವಲ್ಲ, ಅದು ಆನೆಯ ನಡಿಗೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ಆದಿಪ್ರಾಸದ ಕಟ್ಟು ಕಳಚಿ ಬರೆಯತೊಡಗಿದರು. ಹೊಸ ಕವಿತೆಗೆ ಅದು ಬಿಡುಗಡೆಯಾಯಿತು. ಒಗಟಿನ ಅಜ್ಜಿಯರಿಗೆ ನಾಗವರ್ಮನ ನಿಯಮವೂ ಗೊತ್ತಿರಲಿಲ್ಲ, ಪೈಗಳ ಬಿಡುಗಡೆಯೂ ಬೇಕಿರಲಿಲ್ಲ. ಸಿಕ್ಕಿದ ಕಡೆ ಆದಿಯಲ್ಲಿ, ಸಿಗದ ಕಡೆ ಅಂತ್ಯದಲ್ಲಿ ಪ್ರಾಸ ಹಾಕಿಕೊಂಡು ಹೋದರು.

ಪ್ರಾಸ ಯಾಕೆ ಬೇಕು? ಬರೆದಿಡದ ಮಾತು ನೆನಪಿನಲ್ಲಿ ಉಳಿಯಲಿ ಎಂಬುದು ಎಲ್ಲರೂ ಹೇಳುವ ಕಾರಣ. ಅದು ಸರಿಯೇ. ಆದರೆ ಒಗಟಿನಲ್ಲಿ ಪ್ರಾಸಕ್ಕೆ ಇನ್ನೊಂದು ಕೆಲಸವಿದೆ. ಅದು ಕಿವಿಯನ್ನು ಮುಂದಕ್ಕೆ ಎಳೆಯುತ್ತದೆ. ಚಿಕ್ಕ ಮಕ್ಕಳಿಗೆ ಹೀಗೊಂದು ಹೇಳಿ ನೋಡಿ:

ಮುಳ್ಳು ಮೂರು, ಚುಚ್ಚೋದಿಲ್ಲ ಚೂರು;
ಹಗಲಿರುಳು ನಡೆದರೂ ಹೋಗೋದಿಲ್ಲ ದೂರ;
ನಾನು ಯಾರು, ಹೇಳು...

ಇಲ್ಲಿ ನಿಲ್ಲಿಸಿದರೆ ಸಾಕು. ‘ದೂರ’ ಎಂಬ ಮಾತು ಕಿವಿಯಲ್ಲಿ ಇನ್ನೂ ಇರುವಾಗಲೇ ಮಕ್ಕಳು ‘ಗಡಿಯಾರ’ ಎಂದು ಕೂಗುತ್ತಾರೆ. ಪ್ರಾಸವೇ ಅರ್ಧ ಉತ್ತರ ಕೊಟ್ಟಿರುತ್ತದೆ. ಧಾರವಾಡ, ವಿಜಯಪುರದ ಕಡೆ ಮದುವೆಯಲ್ಲಿ ಹೊಸ ಮದುಮಗಳಿಂದ ಗಂಡನ ಹೆಸರು ಹೇಳಿಸುತ್ತಾರಲ್ಲ, ಅದಕ್ಕೂ ಒಡಪು ಎಂದೇ ಹೆಸರು. ‘ಕುಸುಬಿ ಹೂವಿನ ಕೇಸರಿ ಬಣ್ಣ, ಕೈ ಹಿಡಿದವರ ಹೆಸರು ಬಸವಣ್ಣ’ ಎಂದು ಒಬ್ಬಳು ಕಟ್ಟಿ ಹೇಳಿದಳೆನ್ನಿ. ‘ಬಣ್ಣ’ ಎಂದಾಗಲೇ ಸುತ್ತ ಕೂತ ಹೆಂಗಸರು ಮುಂದಿನದಕ್ಕೆ ಕಿವಿ ನಿಮಿರಿಸಿರುತ್ತಾರೆ. ಹೆಸರು ಎಲ್ಲರಿಗೂ ಗೊತ್ತಿದ್ದದ್ದೇ, ಆದರೂ ಆ ಗಳಿಗೆಯ ಸೊಗಸೇ ಬೇರೆ.

ಹೊಸಬರು ಎಡವುವುದೂ ಈ ಪ್ರಾಸದಲ್ಲೇ. ಪ್ರೆಶರ್ ಕುಕ್ಕರಿನ ಮೇಲೆ ಒಗಟು ಕಟ್ಟಲು ಹೊರಟವರು ಸಾಮಾನ್ಯವಾಗಿ ಹೀಗೆ ಶುರು ಮಾಡುತ್ತಾರೆ:

ತಲೆಗೊಂದು ಟೋಪಿ, ಒಳಗೆ ಬಲು ಕೋಪಿ,
ಕೂಗಿದರೆ ಓಡಿ ಬಾ, ಎಲೆ ಪಾಪಿ!

ಟೋಪಿ ಸರಿ, ಅದು ವೆಯ್ಟು. ಕೋಪಿ ಸರಿ, ಒಳಗೆ ನೀರು ಕುದಿಯುತ್ತಿದೆ. ಈ ಪಾಪಿ ಯಾರು? ಬೇಳೆ ಬೇಯಿಸುತ್ತಿರುವ ತಾಯಿಯೇ? ಅವಳು ಮಾಡಿದ ಪಾಪವೇನು? ಇಲ್ಲಿ ಅರ್ಥ ಬೇಡಿದ್ದಕ್ಕೆ ಪದ ಬಂದಿಲ್ಲ, ಪ್ರಾಸ ಬೇಡಿದ್ದಕ್ಕೆ ಬಂದಿದೆ. ಕೇಳುವವರು ಆ ಪದವನ್ನೂ ಸುಳಿವೆಂದೇ ನಂಬಿ ಅದರ ಹಿಂದೆ ಓಡುತ್ತಾರೆ. ಇದು ದಾರಿ ತಪ್ಪಿಸುವುದಲ್ಲ, ಮೋಸ. ಹಾಗಾದರೆ ಆ ಸಾಲನ್ನು ಕಿತ್ತುಹಾಕಿ, ಕುಕ್ಕರನ್ನೇ ಇನ್ನೊಮ್ಮೆ ನೋಡೋಣ. ಅದು ಕೂಗುತ್ತದೆ. ನಮ್ಮ ಮನೆಗಳಲ್ಲಿ ಯಾರಾದರೂ ಕೂಗಿದರೆ ಜಗಳವೆಂದು ಅರ್ಥ. ಇದು ಕೂಗಿದರೆ ಯಾರೂ ಬೇಸರಪಡುವುದಿಲ್ಲ. ಕೂಗದಿದ್ದರೇ ಗಾಬರಿ: ಗ್ಯಾಸ್ಕೆಟ್ ಹೋಯಿತೋ, ಸಿಲಿಂಡರ್ ಖಾಲಿಯಾಯಿತೋ ಎಂದು. ಹಾಗೆ ನೋಡಿದಾಗ ಸಾಲು ತಾನಾಗಿ ಬರುತ್ತದೆ:

ತಲೆಗೊಂದು ಟೋಪಿ, ಒಳಗೊಳಗೇ ಕೋಪಿ;
ಕೂಗಿದರೂ ಜಗಳವಿಲ್ಲ,
ಕೂಗದಿದ್ದರೆ ಊಟವಿಲ್ಲ.

ಪ್ರಾಸವೂ ಬಂತು, ನಿಜವೂ ಉಳಿಯಿತು. ಪ್ರಾಸದ ಪದವನ್ನು ನಿಘಂಟಿನಲ್ಲಿ ಹುಡುಕಬೇಡಿ, ವಸ್ತುವಿನಲ್ಲೇ ಹುಡುಕಿ.

‘ಕೂಗಿದರೂ ಇಲ್ಲ, ಕೂಗದಿದ್ದರೆ ಇಲ್ಲ’ ಎಂಬ ಈ ತಿಕ್ಕಾಟವನ್ನು ಸ್ವಲ್ಪ ಗಮನಿಸಿ. 1963ರಲ್ಲಿ ಅಮೆರಿಕದ ಇಬ್ಬರು ಜಾನಪದ ವಿದ್ವಾಂಸರು, ರಾಬರ್ಟ್ ಜಾರ್ಜಸ್ ಮತ್ತು ಅಲನ್ ಡಂಡೆಸ್, ಒಗಟಿನ ರಚನೆಯ ಬಗ್ಗೆ ಒಂದು ಲೇಖನ ಬರೆದರು. ಒಗಟಿನಲ್ಲಿ ಇರುವುದು ವರ್ಣನೆ. ಕೆಲವು ಒಗಟುಗಳಲ್ಲಿ ಆ ವರ್ಣನೆಯ ಭಾಗಗಳ ನಡುವೆ ವಿರೋಧವಿರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ ಎಂದು ಅವರು ಬೇರ್ಪಡಿಸಿದರು. ವಿರೋಧದಲ್ಲಿ ಮೂರು ಬಗೆ ಕಂಡರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಂದು ಮಾತು ಇನ್ನೊಂದನ್ನು ಅಲ್ಲಗಳೆಯುವುದು ಮೊದಲನೆಯದು. ಅಂಗವಿದ್ದೂ ಅದರ ಕೆಲಸವಿಲ್ಲದಿರುವುದು ಎರಡನೆಯದು. ಕಾರಣಕ್ಕೆ ತಕ್ಕ ಫಲ ಬಾರದಿರುವುದು ಮೂರನೆಯದು. ಜರಡಿಗೆ ಕಣ್ಣಿದ್ದೂ ನೋಟವಿಲ್ಲ ಎಂದದ್ದು ಎರಡನೆಯ ಬಗೆ. ಈ ಬಗೆಯ ಒಗಟಿಗೆ ಕನ್ನಡದಲ್ಲಿ ಬರವಿಲ್ಲ, ಯಾಕೆಂದರೆ ಸೂಜಿಗೆ ಕಣ್ಣು, ಗಡಿಗೆಗೆ ಬಾಯಿ, ಗರಗಸಕ್ಕೆ ಹಲ್ಲು, ಮಂಚಕ್ಕೆ ಕಾಲು ಕೊಟ್ಟು ನಮ್ಮ ಹಿರಿಯರು ಅರ್ಧ ಕೆಲಸ ಮುಗಿಸಿಟ್ಟಿದ್ದಾರೆ. ಮೂರನೆಯ ಬಗೆಗೆ ಇದನ್ನು ಕೇಳಿ:

ಹಗಲೆಲ್ಲ ಮೂಲೆಯಲಿ ಅಡಗಿರುವೆ,
ಮುಗಿಲು ಕಪ್ಪಾದರೆ ಹೊರಬರುವೆ;
ಕಿವಿಯ ಬಳಿ ಹಾಡುವೆ, ಕಾಸು ಕೇಳೆನು,
ಚಪ್ಪಾಳೆ ತಟ್ಟಿದರೆ ಸತ್ತೇ ಹೋಗುವೆನು.

ಚಪ್ಪಾಳೆ ಬಿದ್ದರೆ ಹಾಡುಗಾರ ಹಿಗ್ಗಬೇಕು. ಇವನು ಸಾಯುತ್ತಾನೆ. ಇವನು ಯಾರೆಂದು ಮಲೆನಾಡಿನವರಿಗೂ ಬೆಂಗಳೂರಿನವರಿಗೂ ನಾನು ಹೇಳಬೇಕಿಲ್ಲ, ಸೊಳ್ಳೆ. ಇದರಲ್ಲಿ ಕಲಿಯಬೇಕಾದ ಇನ್ನೊಂದು ವಿಷಯವಿದೆ. ಮೊದಲ ಎರಡು ಸಾಲುಗಳನ್ನಷ್ಟೇ ಹೇಳಿ ನಿಲ್ಲಿಸಿದರೆ ಗೂಬೆ ಎನ್ನಬಹುದು, ಬಾವಲಿ ಎನ್ನಬಹುದು, ಜಿರಲೆ ಎನ್ನಬಹುದು, ಕಳ್ಳ ಎಂದರೂ ತಪ್ಪಿಲ್ಲ. ಮೂರನೆಯ ಸಾಲು ಇವರೆಲ್ಲರನ್ನೂ ಹೊರಗಟ್ಟುತ್ತದೆ. ನಾಲ್ಕನೆಯದು ಬೀಗ ಹಾಕುತ್ತದೆ. ಒಗಟಿನ ಮೊದಲ ಸಾಲು ಹತ್ತು ಮಂದಿಗೆ ಬಾಗಿಲು ತೆರೆದಿರಲಿ, ಕೊನೆಯ ಸಾಲಿಗೆ ಒಬ್ಬರೇ ಉಳಿಯಲಿ.

ಹಾಗಾದರೆ ಕಟ್ಟುವುದು ಹೇಗೆ? ನಿಮ್ಮ ಕಣ್ಣೆದುರಿನ ಯಾವುದಾದರೂ ಒಂದು ವಸ್ತು ತೆಗೆದುಕೊಳ್ಳಿ. ಮೊಬೈಲ್ ಚಾರ್ಜರ್ ಎನ್ನೋಣ. ಕಾಗದದ ಮೇಲೆ ಅದರ ಬಗ್ಗೆ ಹೊಳೆದ ನಿಜಗಳನ್ನೆಲ್ಲ ಬರೆಯಿರಿ. ಗೋಡೆಗೆ ಸಿಕ್ಕಿಕೊಂಡಿರುತ್ತದೆ. ಎರಡು ಪಿನ್ನಿದೆ. ಉದ್ದನೆಯ ವೈರಿದೆ. ಕರೆಂಟು ತೆಗೆದುಕೊಳ್ಳುತ್ತದೆ, ತಾನು ಇಟ್ಟುಕೊಳ್ಳುವುದಿಲ್ಲ. ಊರಿಗೆ ಹೊರಟಾಗ ಎಲ್ಲರೂ ಮರೆಯುವುದು ಇದನ್ನೇ. ಮರೆತರೆ ಮಾರನೆಯ ದಿನ ಫೋನು ಸತ್ತಿರುತ್ತದೆ. ಈಗ ಹೆಸರು ಬಿಟ್ಟುಕೊಡುವ ಮಾತುಗಳನ್ನು ಹೊಡೆದುಹಾಕಿ: ಕರೆಂಟು, ವೈರು, ಫೋನು. ಅವಕ್ಕೆ ಬದಲು ಪ್ರಾಣಿಯದೋ ಮನುಷ್ಯನದೋ ಅಂಗ ಕೊಡಿ. ಪಿನ್ನು ಹಲ್ಲಾಯಿತು, ವೈರು ಬಾಲವಾಯಿತು. ಹಲ್ಲಿರುವ ಕಡೆ ಉಣ್ಣುವುದು, ಬಾಲದ ಕಡೆಯಿಂದ ಉಣಿಸುವುದು! ವಿರೋಧ ಕೇಳದೆಯೇ ಬಂದು ಕೂತಿತು:

ಗೋಡೆಗೆ ಹಲ್ಲು ಊರುವೆ,
ಬಾಲದಿಂದ ಹಸಿವು ನೀಗುವೆ;
ಉಂಡದ್ದು ನನಗಲ್ಲ,
ನಾನಿರದೆ ಮಾತಿಲ್ಲ.

ಊರಿಗೆ ಹೊರಟಾಗ ಮರೆಯುವ ವಿಷಯ ಇದರಲ್ಲಿ ಬಂದಿಲ್ಲ. ಒಳ್ಳೆಯ ನಿಜವೇ ಆದರೂ ಜಾಗವಿರಲಿಲ್ಲ, ಬಿಟ್ಟೆ. ಒಗಟು ನಾಲ್ಕು ಸಾಲು ದಾಟಿದರೆ ಕೇಳುವವರಿಗೆ ಮೊದಲ ಸಾಲು ಮರೆತುಹೋಗುತ್ತದೆ. ಬಾಯಲ್ಲಿ ಹೇಳುವ ಆಟಕ್ಕೆ ನಾಲ್ಕೇ ಹೆಚ್ಚು, ಎರಡಾದರೆ ಇನ್ನೂ ಚೆಂದ.

ಎರಡೇ ಸಾಲಿನದೊಂದನ್ನು ಅಕ್ಕನ ಮನೆಗೆ ಹೋದಾಗ ಅವಳ ಮಕ್ಕಳಿಬ್ಬರ ಮುಂದಿಟ್ಟಿದ್ದೆ.

ಊರೆಲ್ಲ ಸುತ್ತಿ ಬಂದರೂ ಯಾರೂ ಒಳಗೆ ಕರೆಯೋಲ್ಲ;
ಒಡಹುಟ್ಟು ಕಳೆದುಹೋದರೆ ಒಬ್ಬಳೇ ಬದುಕೋಲ್ಲ.

“ನಾಯಿ, ಮಾವ!” ಎಂದ ಚಿಕ್ಕವನು, ಎರಡನೆಯ ಸಾಲು ಮುಗಿಯುವ ಮೊದಲೇ.

“ನಾಯಿಗೆ ತಂಗಿ ಕಳೆದುಹೋದರೆ ಅದೂ ಸಾಯುತ್ತೇನೋ?” ಎಂದಳು ಅವನಕ್ಕ. “ಬೈಕಾ, ಮಾವ?”

“ಬೈಕಿಗೆ ಒಡಹುಟ್ಟಿದವರು ಯಾರಮ್ಮ?”

ಅವಳು ಸುಮ್ಮನಾದಳು. ಆಮೇಲೆ ತನ್ನಷ್ಟಕ್ಕೇ ಹೇಳಿಕೊಂಡಳು, “ಎರಡಿರಬೇಕು. ಎರಡೂ ಒಂದೇ ಥರ ಇರಬೇಕು. ಒಂದಿದ್ದರೆ ಉಪಯೋಗವಿಲ್ಲ. ಓಲೆ? ಓಲೆಯನ್ನ ಹೊರಗೆ ಯಾಕೆ ಬಿಡ್ತಾರೆ...” ಅಷ್ಟರಲ್ಲಿ ಚಿಕ್ಕವನು ಎದ್ದು ಬಾಗಿಲಿಗೆ ಓಡಿ, ತನ್ನದೇ ಚಪ್ಪಲಿ ಎತ್ತಿ ಹಿಡಿದು ಕುಣಿಯತೊಡಗಿದ. ಒಳಗಿನಿಂದ ನಮ್ಮಮ್ಮ, “ಅದನ್ನ ಒಳಗೆ ತಂದೆಯೋ, ನೋಡು!” ಎಂದು ಗದರಿದರು. ಮೊದಲ ಸಾಲಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಬಿಡಿಸುವ ಕ್ರಮವೆಲ್ಲ ಆ ಹುಡುಗಿಯ ಮಾತಿನಲ್ಲೇ ಇದೆ. ಮೊದಲ ಸಾಲು ತೋರಿಸಿದ ಚಿತ್ರದ ಹಿಂದೆ ಓಡಬಾರದು, ಅದು ಗಾಳದ ಹುಳು. ‘ಇಲ್ಲ’, ‘ಅಲ್ಲ’, ‘ಆದರೂ’ ಎಂಬ ಮಾತು ಎಲ್ಲಿದೆ ನೋಡಿ, ಬೀಗದಕೈ ಅಲ್ಲಿರುತ್ತದೆ. ‘ಒಡಹುಟ್ಟು’, ‘ಒಬ್ಬಳು’ ಎಂಬಂಥ ಮನುಷ್ಯರ ಮಾತನ್ನು ಸರಿಸಿ, ಬರೀ ಸಂಬಂಧವನ್ನು ಉಳಿಸಿಕೊಳ್ಳಿ: ಎರಡು, ಒಂದೇ ಥರ, ಒಂದಿಲ್ಲದಿದ್ದರೆ ಇನ್ನೊಂದು ವ್ಯರ್ಥ. ಹೊಳೆದ ಉತ್ತರವನ್ನು ಪ್ರತಿ ಸಾಲಿಗೂ ಹಚ್ಚಿ ನೋಡಿ. ಓಲೆ ಎರಡನೆಯ ಸಾಲು ದಾಟಿತು, ಮೊದಲನೆಯದರಲ್ಲಿ ಸೋತಿತು. ಹಾಗೆ ಸೋತ ಉತ್ತರವೂ ದಂಡವಲ್ಲ, ಸರಿಯುತ್ತರ ಎಂಥದ್ದಿರಬೇಕು ಎಂಬುದನ್ನು ಅದು ಹೇಳಿಹೋಗುತ್ತದೆ.

ಹಳೆಯ ಒಗಟುಗಳು ಈಗಿನ ಮಕ್ಕಳಿಗೆ ಬರುವುದಿಲ್ಲ ಎಂದು ಕೊರಗುವವರಿದ್ದಾರೆ. ಇದನ್ನು ಕೇಳಿ:

ಕೆಳಗಿನವಳು ಕೂತಲ್ಲೇ,
ಮೇಲಿನವಳು ಸುತ್ತಲ್ಲೇ;
ನಡುವೆ ಹೊಕ್ಕ ಗಟ್ಟಿಗರೆಲ್ಲ
ಮೆತ್ತಗಾದರು ಅಲ್ಲೇ.

ರಾಗಿ ಬೀಸಿದ ಕೈಗೆ ಬೀಸುವ ಕಲ್ಲು ತಕ್ಷಣ ಹೊಳೆಯುತ್ತದೆ. ಮಿಕ್ಸಿಯನ್ನಷ್ಟೇ ಕಂಡ ಮಗುವಿಗೆ ಅದು ಒಗಟೇ ಅಲ್ಲ, ಬರೀ ಗೊಂದಲ. ತಪ್ಪು ಮಗುವಿನದಲ್ಲ. ಹೇಳುವವರೂ ಕೇಳುವವರೂ ದಿನವೂ ಮುಟ್ಟುವ ವಸ್ತುವಿನ ಮೇಲೆ ಮಾತ್ರ ಒಗಟು ನಿಲ್ಲುತ್ತದೆ. ಅಜ್ಜಿಯರು ತಮ್ಮ ಕೈಯಳತೆಯಲ್ಲಿದ್ದ ಒನಕೆ, ಒರಳು, ಕುಡುಗೋಲು, ಸೊಡರಿನ ಮೇಲೆ ಕಟ್ಟಿದರು. ನಾವು ಗೀಸರಿನ ಮೇಲೆ, ಲಿಫ್ಟಿನ ಮೇಲೆ, ಹೆಲ್ಮೆಟ್ಟಿನ ಮೇಲೆ ಕಟ್ಟಬೇಕು. ಹಳೆಯದನ್ನು ಉರುಹೊಡೆಸಿದರೆ ಪಾಠವಾಗುತ್ತದೆ. ಹೊಸದನ್ನು ಕಟ್ಟಿಸಿದರೆ ಆಟ ಮುಂದುವರಿಯುತ್ತದೆ. ಬೀಸುವ ಕಲ್ಲಿನ ಒಗಟು ಹೇಳಲೇಬೇಕೆನಿಸಿದರೆ, ಮೊದಲು ಊರಿನ ಹಳೆಯ ಮನೆಯಲ್ಲೋ ವಸ್ತುಸಂಗ್ರಹಾಲಯದಲ್ಲೋ ಮಗುವಿನ ಕೈಯಿಂದ ಅದನ್ನೊಮ್ಮೆ ತಿರುಗಿಸಿ. ಆಮೇಲೆ ಹೇಳಿ.

ಮನೆಯಲ್ಲಿ ಆಡುವುದಾದರೆ ನಿಯಮ ಹೆಚ್ಚು ಬೇಡ. ಒಬ್ಬೊಬ್ಬರು ಒಂದೊಂದು ಕಟ್ಟಿಕೊಂಡು ಬರಲಿ, ಉತ್ತರದ ವಸ್ತು ಆ ಮನೆಯೊಳಗೇ ಇರಲಿ. ಬಿಡಿಸುವವರು ಎಷ್ಟು ಸಲ ಬೇಕಾದರೂ ತಪ್ಪಲಿ, ತಪ್ಪಿದಾಗ ಯಾವ ಸಾಲಿನಲ್ಲಿ ತಪ್ಪಿತೆಂದು ಕಟ್ಟಿದವರು ತೋರಿಸಿಕೊಡಲಿ. ‘ಸೋತೆ’ ಎಂದು ಬಾಯಿಬಿಟ್ಟು ಹೇಳುವವರೆಗೆ ಉತ್ತರ ಬಿಟ್ಟುಕೊಡಬಾರದು. ಹೇಳಿದ ಮೇಲೆ ಸತಾಯಿಸಬಾರದು.

ಒಂದು ನಿಯಮ ಮಾತ್ರ ಗಟ್ಟಿಯಾಗಿರಲಿ. ನೀವು ಚಾರ್ಜರ್ ಎಂದುಕೊಂಡು ಕಟ್ಟಿದಿರಿ. ಎದುರಿನ ಮಗು ಬೇರೇನೋ ಹೇಳಿತು. ಕೂಡಲೇ ‘ಅಲ್ಲ’ ಎನ್ನಬೇಡಿ. ಆ ಉತ್ತರವನ್ನು ಒಂದೊಂದೇ ಸಾಲಿಗೆ ಹಚ್ಚಿ ನೋಡಿ. ನಾಲ್ಕೂ ಸಾಲು ಅದಕ್ಕೆ ನಿಜವಾದರೆ ಗೆದ್ದದ್ದು ಮಗು. ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ, ಬಾಯಿಂದ ಬಂದ ಸಾಲಿಗಷ್ಟೇ ಬೆಲೆ. ಸುಳ್ಳು ಹೇಳೆನೆಂದು ಮಾತು ಕೊಟ್ಟು ಆಟಕ್ಕಿಳಿದ ಮೇಲೆ ತನ್ನ ಮಾತಿಗೆ ತಾನೇ ಕಟ್ಟುಬೀಳಬೇಕು. ಹಾಗೆ ಸೋತ ಒಗಟಿನ ಒಂದು ಸಾಲು ಬದಲಿಸಿ ಬಿಗಿಮಾಡಿಕೊಂಡು ನಾಳೆ ಮತ್ತೆ ತನ್ನಿ. ಆ ಸಾಲಿಗೆ ಪ್ರಾಸ ಹುಡುಕುವ ಕೆಲಸವನ್ನು ಗೆದ್ದ ಮಗುವಿಗೇ ಕೊಡಿ.